ಮನ್ವಿತನ ಶ್ರದ್ಧಾಂಜಲಿ

ಬೆಳ್ತಂಗಡಿ ಬಸ್ ಸ್ಟ್ಯಾಂಡಿನ ಎದುರು ಎದ್ದ ಒಂದು ಬ್ಯಾನರ್ ಮನ್ವಿತನ ಬಾಳು ಕೆಡಿಸಿತು. ಹಾರ ಹಾಕಿದ ಅವನ ಫೋಟೋ, ಕೆಳಗೆ ‘ಅಗಲಿದ ಆತ್ಮಕ್ಕೆ ಶ್ರದ್ಧಾಂಜಲಿ’. ಇದು ಹೊಸ ಹಾಡಿನ ಜಾಹೀರಾತು ಎಂಬ ಮಾತು ಮೂಲೆಯಲ್ಲಿ ಇರುವೆ ಗಾತ್ರದಲ್ಲಿತ್ತು. ಅದನ್ನು ಯಾರೂ ಓದಲಿಲ್ಲ.

ಮನ್ವಿತ್ ತನ್ನ ಗೆಳೆಯ ಧನರಾಜನ ಜತೆ ಕಟ್ಟಿದ್ದು ‘ಕುಲೆ ಗ್ಯಾಂಗ್’ ಎಂಬ ರ‍್ಯಾಪ್ ತಂಡ. ಕುಲೆ ಎಂದರೆ ತುಳುವಿನಲ್ಲಿ ಪ್ರೇತ. ಅವರ ಹಾಡಿನಲ್ಲಿ ಗೂಬೆ ಕೂಗುತ್ತದೆ, ಚಿತೆ ಚಟಪಟ ಎನ್ನುತ್ತದೆ, ಸತ್ತವನೇ ತನ್ನ ಕತೆ ಹೇಳುತ್ತಾನೆ. ಬೀಟ್ ಹಳೇ ಪಂಪ್‌ಸೆಟ್ಟಿನ ಹಾಗೆ ಎದೆಗೆ ಗುದ್ದುತ್ತದೆ. ಬ್ಯಾನರ್ ಧನರಾಜನ ತಲೆಯಿಂದ ಹೊರಟದ್ದು. ದಿನ ಮಾತ್ರ ಕೆಟ್ಟದಾಗಿತ್ತು. ಮನ್ವಿತ್ ಮೆಚ್ಚಿದ ದೀಪಶ್ರೀಯ ತಂದೆ, ಪುತ್ತಿಗೆಯ ನಿತ್ಯಾನಂದ, ಮದುವೆಗೆ ಹೂಂ ಅಥವಾ ಊಹೂಂ ಹೇಳಲು ಅಂದೇ ಬರುವವರಿದ್ದರು.

ಮೊದಲು ಬಂದವರು ನೆರೆಮನೆಯ ತುಕ್ರಪ್ಪ. ಅಳುತ್ತ ಬಂದವರು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಮನ್ವಿತನನ್ನು ಕಂಡು ಸಿಟ್ಟಾದರು.

“ಎಂತ ಮಾರಾಯ, ನಾನು ಇಡೀ ಊರಿಗೆ ಫೋನ್ ಮಾಡಿ ಆಯಿತು!”

“ಅದು ಹಾಡಿನ ಪ್ರಚಾರ, ತುಕ್ರಪ್ಪಣ್ಣ.”

“ಇರಲಿ. ಜನ ರಜೆ ಹಾಕಿ ಬರ್ತಾ ಇದ್ದಾರೆ. ನಾನು ಸಮಾಧಾನದಲ್ಲಿ ಹೇಳಿ ಕಳಿಸ್ತೇನೆ. ನೀನು ಒಳಗೆ ಹೋಗು, ನನ್ನ ಮರ್ಯಾದೆ ತೆಗೀಬೇಡ.”

ಮನ್ವಿತ್ ಕೋಣೆ ಸೇರಿದ. ಅವನ ಹಾಡಿನ ಗಲಾಟೆಗೆ ಪಂಚಾಯತಿಗೆ ದೂರು ಕೊಟ್ಟಿದ್ದ ಶಶಿಪ್ರಭಾ ಟೀಚರ್, “ಎಂಥ ಸ್ವರ ಇತ್ತು ಪಾಪದವನಿಗೆ” ಎಂದು ಜಗಲಿಯಲ್ಲಿ ಮೂಗು ಒರೆಸಿಕೊಂಡರು. ನಿಜ ಹೇಳಬೇಕಿದ್ದ ತುಕ್ರಪ್ಪ ಅವರಿಗೆ ಕುರ್ಚಿ ಹಾಕಿಕೊಟ್ಟರು. ಅಷ್ಟರಲ್ಲಿ ನಿತ್ಯಾನಂದರ ಸ್ವರ ಕೇಳಿತು.

“ಬೇಡ ಅಂತ ಹೇಳಲಿಕ್ಕೆ ಹೊರಟಿದ್ದೆ. ಬ್ಯಾನರ್ ನೋಡಿ ಮನಸ್ಸು ತಿರುಗಿತು. ನನ್ನ ಮಗಳನ್ನು ಈ ಮನೆಗೆ ಕೊಡ್ತೇನೆ.”

ಮನ್ವಿತ್ ಬಾಗಿಲು ತೆರೆದು ಓಡಿಬಂದು ಅವರ ಕಾಲಿಗೆ ಬಿದ್ದ. ಟೀಚರ್ ಕಿರುಚಿದರು. ನಿತ್ಯಾನಂದ ಕುರ್ಚಿಗೆ ಕುಸಿದರು.

“ನೀನು ಸತ್ತಿಲ್ವಾ?”

“ಇಲ್ಲ ಮಾವ! ದೀಪಶ್ರೀಯನ್ನು ಚೆನ್ನಾಗಿ ನೋಡಿಕೊಳ್ತೇನೆ.”

“ದೀಪಶ್ರೀ ಅಲ್ಲ ಮಗಾ.” ನಿತ್ಯಾನಂದರ ಕಣ್ಣು ತುಂಬಿತು. “ದೊಡ್ಡವಳು, ಸುಪ್ರೀತಾ. ಆರು ವರ್ಷಕ್ಕೇ ಜ್ವರದಲ್ಲಿ ಹೋದಳು. ಈಗ ನನ್ನ ಹೆಂಡತಿಯ ಕನಸಿನಲ್ಲಿ ಬಂದು ಸೀರೆ ಕೇಳ್ತಾಳೆ. ಕುಲೆ ಮದುವೆ ಮಾಡಿಸುವ ಅಂತ ಎಲ್ಲೆಲ್ಲ ಹುಡುಕಿದೆ. ಮದುವೆಯಾಗದೆ ಸತ್ತ ಗಂಡು ಸಿಗುವುದು ಸುಲಭ ಉಂಟಾ? ತಡ ಮಾಡಿದರೆ ಬೇರೆಯವರು ಕೇಳ್ತಾರೆ ಅಂತ ಓಡಿ ಬಂದೆ.”

ಯಾರೂ ನಗಲಿಲ್ಲ. ಹೆತ್ತ ಕರುಳಿನ ಮುಂದೆ ಹಾಸ್ಯ ನಡೆಯುವುದಿಲ್ಲ.

ಚಹಾ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮನ್ವಿತನ ತಾಯಿ ಅಮ್ಮಣಿ ಮೆಲ್ಲಗೆ ಹೇಳಿದರು: “ಇವನಿಗಿಂತ ಮೊದಲು ನನಗೊಬ್ಬ ಹುಟ್ಟಿದ್ದ. ಭವಿತ್. ನಡೆಯಲು ಕಲಿತ ವರ್ಷವೇ ಹೋದ. ಇದ್ದಿದ್ದರೆ ನಿಮ್ಮ ಸುಪ್ರೀತಾಗೆ ಸರಿಯಾದ ಪ್ರಾಯ.”

ತುಕ್ರಪ್ಪ ಕೂಡಲೇ ಎರಡೂ ಮನೆಯ ಕುಲ, ಅಂದರೆ ಬಳಿ, ಯಾವುದೆಂದು ವಿಚಾರಿಸಿದರು. ಬಳಿ ಬೇರೆ ಬೇರೆ, ಅಡ್ಡಿಯಿಲ್ಲ. ಕುಲೆಗಳಿಗೆ ಮೀಸಲಾದ ಮಳೆಗಾಲದ ಆಟಿ ತಿಂಗಳಿಗೆ ಮದುವೆ ಗೊತ್ತಾಯಿತು.

“ಹಾಗಾದರೆ ನನ್ನದು, ದೀಪಶ್ರೀದು?” ಮನ್ವಿತ್ ಕೇಳಿದ.

“ನಮ್ಮಲ್ಲಿ ಒಂದೇ ಮನೆಗೆ ಇಬ್ಬರು ಹೆಣ್ಣುಮಕ್ಕಳನ್ನು ಕೊಡುವ ಕ್ರಮ ಇಲ್ಲ ಮಗಾ,” ಎಂದು ನಿತ್ಯಾನಂದ ಅವನ ತಲೆ ಸವರಿದರು.

ಆಟಿಯಲ್ಲಿ ಪಂಚೆ ಉಡಿಸಿದ ಭವಿತನ ಬೊಂಬೆಯನ್ನು ಮನ್ವಿತ್ ಹಿಡಿದು ನಿಂತ. ಸೀರೆ ಉಡಿಸಿದ ಸುಪ್ರೀತಾಳನ್ನು ದೀಪಶ್ರೀ ಹಿಡಿದಿದ್ದಳು. ಅಣ್ಣನ ಪರವಾಗಿ ಹಾರ ಹಾಕುವಾಗ ಅವನು ಹಿಡಿದ ಬೊಂಬೆ ಕೆಳಗೆ ಜಾರಿತು. ಅವಳ ಕಣ್ಣು ಕೆಂಪಾಗಿತ್ತು.

“ಸ್ವಲ್ಪ ಮೇಲೆ ಹಿಡೀರಿ, ಭಾವ,” ಎಂದಳು.