ನಿಪ್ಪಾಣಿಯ ತಿರುಪತಿ ಲಾಡು

ಶಿರಗುಪ್ಪಿಯ ಧರೆಪ್ಪನಿಗೆ ಹೆಂಡತಿಯ ಮೇಲಿದ್ದ ತಕರಾರು ಒಂದೇ: ಅವಳು ನಗುತ್ತಿದ್ದಳು. ಪಲ್ಯಕ್ಕೆ ಉಪ್ಪು ಸುರಿಯುತ್ತಾಳೆ, ಮಾತೆತ್ತಿದರೆ ತವರಿನ ಗುಣಗಾನ ಮಾಡುತ್ತಾಳೆ ಎಂಬಂಥ ಸಾದಾ ತಕರಾರಾಗಿದ್ದರೆ ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳಬಹುದಿತ್ತು. ಕೇಳಿದವರು ‘ನಮ್ಮನ್ಯಾಗೂ ಅದ ಹಾಡು’ ಎಂದು ಒಂದು ಕಪ್ಪು ಚಹಾನಾದರೂ ಕುಡಿಸುತ್ತಿದ್ದರು. ‘ನನ್ನ ಹೆಂಡತಿ ನಗುತ್ತಾಳೆ’ ಎಂದು ಯಾವ ಪಂಚರ ಮುಂದೆ ಹೋಗಿ ಅಳುವುದು? ಅದೂ ಎದೆಯಲ್ಲಿ ಕ್ಯಾನ್ಸರ್ ಗಂಟು ಇಟ್ಟುಕೊಂಡು ನಗುತ್ತಾಳೆ ಎಂದು?

(ಆ ಶಬ್ದವನ್ನು ಇಲ್ಲಿ ನಾನು ಬರೆದುಬಿಟ್ಟೆ. ಧರೆಪ್ಪನ ಬಾಯಿಂದ ಅದು ಒಮ್ಮೆಯೂ ಹೊರಬಿದ್ದಿರಲಿಲ್ಲ. ಅವನು ‘ಅದು’ ಎನ್ನುತ್ತಿದ್ದ. ಅದರ ರಿಪೋರ್ಟು, ಅದರ ಡಾಕ್ಟರು, ಅದರ ಗುಳಿಗೆ.)

ಗಿರಿಜವ್ವ ಮಾತ್ರ ಮೊದಲ ವಾರವೇ ರೋಗಕ್ಕೆ ಸಶಾಸ್ತ್ರೀಯವಾಗಿ ನಾಮಕರಣ ಮಾಡಿ ಮುಗಿಸಿದ್ದಳು: ಬೀಗ್ತಿ.

“ಕರೀಲಾರದ ಬಂದಾಳ. ಬಂದಾಕಿ ಕುಂತಲ್ಲೇ ಕುಂತಾಳ. ಎಷ್ಟ ಉಪಚಾರ ಮಾಡಿದ್ರೂ ಹೋಗ್ತೀನಿ ಅನ್ನವಲ್ಲಳು. ಬೀಗ್ತಿ ಅನ್ನದ ಮತ್ತೇನ್ ಅನ್ಲಿ?” ಎಂದು ಅವಳು ಕೇಳಿದರೆ, ಸೊಸೆ ದಾನೇಶ್ವರಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಆ ಮನೆಯ ಖರೆ ಬೀಗ್ತಿ ಎಂದರೆ ದಾನೇಶ್ವರಿಯ ತಾಯಿ, ಅಲಖನೂರಿನ ಅಕ್ಕುತಾಯಿ. ಆಕೆ ನಕ್ಕಿದ್ದನ್ನು ಆಕೆಯ ಮದುವೆ ಫೋಟೋದಲ್ಲೂ ಯಾರೂ ಕಂಡಿರಲಿಲ್ಲ. ಹೀಗಾಗಿ ಈ ಹೆಸರು ಅತ್ತೆ ಸೊಸೆಯರ ಗುಟ್ಟಾಗಿತ್ತು. ಮೀರಜಿನ ದವಾಖಾನೆಗೆ ಔಷಧ ಏರಿಸಿಕೊಳ್ಳಲು ಹೊರಟ ದಿನ ಗಿರಿಜವ್ವ ಹೊಸ್ತಿಲಲ್ಲಿ ನಿಂತು, “ಬೀಗ್ತಿಗೆ ಸೀರಿ ಉಡಿಸಿ ಕಳಿಸಿ ಬರ್ತೀವಿ, ಮನಿ ಕಡೆ ಜ್ವಾಕಿ” ಎನ್ನುತ್ತಿದ್ದಳು.

“ಏ, ಮೆಲ್ಲಕ ನಗ. ಮಂದಿ ಕೇಳಿದ್ರ ಏನ್ ಅಂದಾರು?” ಎಂದು ಧರೆಪ್ಪ ಹಲ್ಲು ಕಡಿಯುತ್ತಿದ್ದ.

“ಏನ್ ಅಂತಾರ? ಗಿರಿಜವ್ವಗ ಹಲ್ಲರೆ ಅದಾವಲ್ಲ ಅಂತಾರ.”

ಮೀರಜಿನಲ್ಲಿ ಮಗ ಮಲ್ಲೇಶ ತಾಯಿಯ ಜೊತೆ ಒಳಗೆ ಹೋಗಿ ಕೂರುತ್ತಿದ್ದ. ಧರೆಪ್ಪ ಒಳಗೆ ಕಾಲಿಡುತ್ತಿರಲಿಲ್ಲ. ಎದುರಿನ ಚಹಾದಂಗಡಿಯ ಮೂಲೆಯ ಬೆಂಚು ಹಿಡಿದು, ಹೆಗಲ ಟವೆಲ್ಲನ್ನು ಮುಖಕ್ಕೆ ಸುತ್ತಿ, ಬರೀ ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದ. ನಮ್ಮ ಕಡೆಯ ಮಂದಿಗೆ ನೆಗಡಿ ಬಂದರೂ ಮೀರಜೇ ಬೇಕು, ಯಾರಾದರೂ ನೋಡಿಬಿಟ್ಟರೆ? ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಇತ್ತು. ಆದರೆ ಪ್ರೀತಿಗಿಂತ ಒಂದು ಗೇಣು ಎತ್ತರಕ್ಕೆ ನಾಚಿಕೆ ಬೆಳೆದು ನಿಂತಿತ್ತು. ಅವಳ ರೋಗ ತನ್ನ ಮನೆತನದ ಮರ್ಯಾದೆಗೆ ತಗುಲಿದ್ದು ಎಂದು ಅವನು ನಂಬಿದ್ದ. ಊರಿಗೆ ತಿಳಿಯಬಾರದು, ಅಷ್ಟೇ ಅವನ ಹಟ.

ಅಷ್ಟರಲ್ಲಿ ಗಿರಿಜವ್ವನ ಕೂದಲು ಉದುರತೊಡಗಿತು. ನೆಲ ಮುಟ್ಟುವಂಥ ಜಡೆ ಇದ್ದ ಹೆಂಗಸು. ವಾರ ಕಳೆಯುವುದರೊಳಗೆ ತಲೆ ಹೊಸ ಗಡಿಗೆಯಂತೆ ನುಣ್ಣಗಾಯಿತು. ಅವತ್ತೊಂದು ದಿನ ಅವಳು ಹಿತ್ತಲಿನಲ್ಲಿ ಒಬ್ಬಳೇ ಬಹಳ ಹೊತ್ತು ಕೂತಿದ್ದಳು. ಧರೆಪ್ಪ ಬಾಗಿಲ ತನಕ ಹೋದ, ಏನು ಹೇಳಬೇಕೋ ತಿಳಿಯದೆ ತಿರುಗಿ ಬಂದ. ಬಂದು ಕೂತವನಿಗೆ ಸಮಾಧಾನದ ಮಾತಿಗೆ ಬದಲಾಗಿ ಒಂದು ಭಯಂಕರ ಉಪಾಯ ಹೊಳೆಯಿತು. ತಿರುಪತಿ!

“ಯಾರರೆ ಕೇಳಿದ್ರ ತಿರುಪತಿಗೆ ಹೋಗಿ ಮುಡಿ ಕೊಟ್ಟ ಬಂದೇನಿ ಅನ್ನು. ಹೆಂಗೂ ಮೀರಜಿಗೆ ಹೋಗಿ ಎರಡ ದಿನಾ ಊರಾಗ ಇರಲಿಲ್ಲ.”

ಗಿರಿಜವ್ವ ಕಣ್ಣೊರೆಸಿಕೊಂಡು ಗಂಡನ ಮುಖ ನೋಡಿದಳು. “ಕೂದಲ ದೇವ್ರಿಗೆ ಹೋಗ್ಯಾವ ಅನ್ನೂದೇನ ಖರೇನ ಬಿಡ್ರಿ. ನಾ ಕೊಟ್ಟಿಲ್ಲ, ಅವನ ಕಸಗೊಂಡಾನ” ಎಂದಳು. ಎಂದವಳೇ ನಕ್ಕಳು.

ಸುಳ್ಳೆಂಬುದು ಸಾಕಿದ ಎಮ್ಮೆ ಇದ್ದಂತೆ. ಕಟ್ಟಿದರೆ ಸಾಲದು, ದಿನಾ ಮೇವು ಹಾಕಬೇಕು. ತಿರುಪತಿಗೆ ಹೋದವರು ಲಾಡು ತರದೆ ಬರುತ್ತಾರೆಯೇ? ಹತ್ತಿರದ ಕಾಗವಾಡ, ಅಥಣಿಗಳಲ್ಲಿ ಕೊಂಡರೆ ಗುರುತಿನವರು ಗಂಟುಬೀಳುತ್ತಾರೆಂದು ಧರೆಪ್ಪ ಬಸ್ಸು ಹಿಡಿದು ದೂರದ ನಿಪ್ಪಾಣಿಗೆ ಹೋದ. ಅಲ್ಲೊಂದು ಬೇಕರಿಯಲ್ಲಿ ದಪ್ಪ ದಪ್ಪ ಬೂಂದಿ ಲಾಡು ಕಟ್ಟಿಸಿಕೊಂಡು ಬಂದು, ಗುಡಿಯ ವಾಸನೆ ಹತ್ತಲೆಂದು ದೇವರ ಜಗುಲಿಯ ಮೇಲೆ ಕರ್ಪೂರದ ಡಬ್ಬಿಯ ಪಕ್ಕ ಒಂದು ದಿನ ಇಟ್ಟ. ಮರುದಿನ ಓಣಿಗೆಲ್ಲ ಹಂಚಿದ. ಜನ ಕಣ್ಣಿಗೊತ್ತಿಕೊಂಡು ತಿಂದರು.

ಪಕ್ಕದ ಮನೆಯ ಹೊಳೆವ್ವ ಮಾತ್ರ ಲಾಡು ಜಗಿಯುತ್ತಾ ಗಿರಿಜವ್ವನ ಮುಖವನ್ನೇ ನೋಡುತ್ತಿದ್ದಳು. “ಯಪ್ಪಾ ಧರೆಪ್ಪಾ, ತಿರುಪತ್ಯಾಗ ಈಗೀಗ ಹುಬ್ಬೂ ತಗೀತಾರೇನೋ?”

ಧರೆಪ್ಪ ಬೆವೆತ. ಹೌದಲ್ಲ! ತಲೆಯ ಜೊತೆ ಹುಬ್ಬೂ ಹೋಗಿತ್ತು. “ಹೂಂ ಅಕ್ಕಾ… ಈ ವರ್ಷದಿಂದ ಹೊಸಾ ರೂಲ್ ಬಂದೈತಿ” ಎಂದ.

“ಹೌದೇನು! ದೇವ್ರೂ ಬಾಳ ಕಡಕ್ ಆದ ಬಿಡು” ಎಂದು ಹೊಳೆವ್ವ ಇನ್ನೊಂದು ಲಾಡು ಎತ್ತಿಕೊಂಡಳು. ಎದ್ದು ಒಳಗೆ ಹೋದ ಗಿರಿಜವ್ವನಿಗೆ ಕೆಮ್ಮು ಬಂತು. (ಅದು ಕೆಮ್ಮಲ್ಲ.)

ಇನ್ನೇನು ಗೆದ್ದೆ ಎನ್ನುವಾಗ ಡೇರಿಯ ಕಟ್ಟೆಯ ಮೇಲೆ ಶ್ರೇಣಿಕ ಸಿಕ್ಕ. ಇಬ್ಬರದೂ ಬಾಜೂ ಬಾಜೂ ದ್ರಾಕ್ಷಿ ತೋಟ. “ಅಲ್ಲೋ ದಾದಾ, ವೈನಿ ಒಬ್ಬಾಕೇ ಮುಡಿ ಕೊಟ್ಟಾಳ, ನಿನ್ನ ತಲಿ ಹಂಗ ಐತಿ. ಗಂಡನ್ನ ಬಿಟ್ಟ ಮುತ್ತೈದಿ ಒಬ್ಬಾಕೇ ಮುಡಿ ಕೊಡೂದು ಎಲ್ಲಿ ಐತಿ?”

ಧರೆಪ್ಪನ ಕೂದಲೆಂದರೆ ಸಾಮಾನ್ಯವಲ್ಲ. ಆ ವಯಸ್ಸಿನಲ್ಲೂ ದಟ್ಟವಾಗಿ ಬೆಳೆದ, ತಪ್ಪದೆ ಕಪ್ಪು ಬಣ್ಣ ಬಳಿದ, ಎಡಕ್ಕೆ ಬೈತಲೆ ತೆಗೆದ ಕೇಶರಾಶಿ. ಮದುವೆ ಮನೆಗಳಲ್ಲಿ ಅವನು ಟೋಪಿ ಹಾಕದೆ ಓಡಾಡುವುದು ಅದಕ್ಕಾಗಿಯೇ. ಆದರೂ ಬಾಯಿ ಸುಮ್ಮನಿರಬೇಕಲ್ಲ. “ನಂದೂ ಹರಕಿ ಐತಿ. ನಂದು… ಊರಾಗ ಕೊಡೂದು” ಎಂದುಬಿಟ್ಟ. ಅಂದೇ ಸಂಜೆ ಗಂಗಾರಾಮನ ಸಲೂನಿನ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತ. ಗಂಗಾರಾಮ ಕತ್ತಿ ಹಿಡಿದು ಎರಡೆರಡು ಸಲ ಕೇಳಿದ, “ಖರೇನ ತಗೀಲೇನ್ರಿ ಸಾವ್ಕಾರ್ರ?” ಕೂದಲು ಬಿದ್ದು ಮುಗಿಯುವ ತನಕ ಧರೆಪ್ಪ ಕಣ್ಣು ತೆರೆಯಲಿಲ್ಲ. ಮನೆಗೆ ಬಂದಾಗ ಗಿರಿಜವ್ವ ಬಾಗಿಲಲ್ಲಿ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿ, ಮೊದಲ ಬಾರಿಗೆ ನಗಲಿಲ್ಲ. “ಯಾಕ?” ಎಂದಳು.

“ಮಂದಿ ಕೇಳಾಕತ್ತಿದ್ರು.”

“ಮಂದಿ ಸಲುವಾಗೇನು?” ಎಂದು ಒಳಗೆ ಹೋದಳು.

ಮರುದಿನ ಡೇರಿಗೆ ಹಾಲು ಹಾಕಲು ಹೋದರೆ ಶ್ರೇಣಿಕ ಎದ್ದು ಬಂದು ಇವನ ಎರಡೂ ಕೈ ಹಿಡಿದ. ಕಣ್ಣಲ್ಲಿ ನೀರು. “ದಾದಾ, ತಪ್ಪ ತಿಳೀಬ್ಯಾಡ. ನಾ ಚ್ಯಾಷ್ಟಿಗೆ ಕೇಳಿದ್ದೆ. ನೀ ವೈನಿ ಸಲುವಾಗಿ ಖರೇನ ಬೋಳಿಸ್ಕೊಂಡಿ! ಕ್ಯಾನ್ಸರ್ ಬಂದಾಕಿ ಒಬ್ಬಾಕೇ ಬೋಳಾಗಬಾರ್ದು ಅಂತ ಹಿಂಗ ಮಾಡೋ ಗಂಡಸ್ರು ಈ ಸೀಮ್ಯಾಗ ಯಾರ್ ಅದಾರ ಹೇಳು?”

ಧರೆಪ್ಪ ಹಾಲಿನ ಕ್ಯಾನನ್ನು ಕಟ್ಟೆಯ ಮೇಲಿಟ್ಟ. “ಕ್ಯಾ… ನಿನಗ್ಯಾರ್ ಹೇಳಿದ್ರು?”

“ವೈನೀನ ಹೇಳ್ಯಾಳ. ಆಕಿ ಸಲುವಾಗಿ ನೀ ಬೋಳಿಸ್ಕೊಂಡಿದ್ದನ್ನೂ ನಿನ್ನೆ ರಾತ್ರೀನ ಹೇಳಿದ್ಲು. ಊರಿಗೆಲ್ಲಾ ಗೊತ್ತೈತಿ. ‘ನಮ್ಮ ಮನ್ಯಾವ್ರಿಗೆ ಮಾತ್ರ ಗೊತ್ತ ಮಾಡಬ್ಯಾಡ್ರಿ, ಪಾಪ, ಮನಸ್ಸಿಗೆ ಹಚಗೋತಾರ’ ಅಂದಿದ್ಲು. ಅದಕ್ಕ ನಾವೂ ಲಾಡು ತಿಂದ ಸುಮ್ಕಿದ್ವಿ.”

ಡೇರಿಯಿಂದ ಮನೆಗೆ ಬರುವ ದಾರಿ ಅಂದು ಮುಗಿಯಲೇ ಇಲ್ಲ. ಎದುರಾದವರೆಲ್ಲ ಅವನ ಬೋಳುತಲೆಗೆ ನಮಸ್ಕಾರ ಮಾಡಿದರು. ಒಬ್ಬ ಮುದುಕಿಯಂತೂ ‘ರಾಮನಂಥಾ ಗಂಡ’ ಎಂದು ಲಟಿಕೆ ಮುರಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಈ ಹೊಗಳಿಕೆ ನೆತ್ತಿಗೆ ಬಿಸಿನೀರು ಸುರಿದಂತಿತ್ತು. ಯಾವ ತಲೆಯನ್ನು ಜನರಿಗೆ ಅಂಜಿ ಬೋಳಿಸಿದ್ದನೋ ಆ ತಲೆಗೆ ಪ್ರೀತಿಯ ಕಿರೀಟ! ನಾಚಿಕೆಯಿಂದ ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಯಾರ್‍ಯಾರಿಗೆ ಹೇಳಿದಿ?” ಎಂದು ಅಡುಗೆಮನೆಗೆ ನುಗ್ಗಿದ.

“ಯಾರಿಗೆ ಹೇಳಿಲ್ಲ ಅಂತ ಕೇಳ್ರಿ, ಲಗೂ ಮುಗೀತೈತಿ” ಎಂದಳು ಗಿರಿಜವ್ವ ರೊಟ್ಟಿ ಬಡಿಯುತ್ತಾ.

“ಮತ್ತ ನಾ ನಿನ್ನ ಸಲುವಾಗಿ ಬೋಳಿಸ್ಕೊಂಡೆ ಅಂತ ಯಾಕ ಸುಳ್ಳ ಹೇಳಿದಿ?”

ಬಡಿಯುವ ಕೈ ನಿಂತಿತು. “ಮತ್ತೇನ್ ಹೇಳ್ಲಿ? ನನ್ನ ಬ್ಯಾನಿಗೆ ನಮ್ಮ ಮನ್ಯಾವ್ರು ನಾಚ್ಕೋತಾರ, ದವಾಖಾನಿಗೆ ಬಂದ್ರ ಮಾರಿಗೆ ಟವೆಲ್ ಸುತಗೊಂಡ ಹೊರಗ ಕುಂದರ್ತಾರ ಅಂತ ಹೇಳ್ಲೇನು?”

ಧರೆಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕೆಳಗಿಟ್ಟ.

“ನಗಬ್ಯಾಡ ಅಂತೀರಲ್ಲ, ನಗಲಾರ್ದ ಇದ್ರ ಅಳಬೇಕು. ನಾ ಅಳಾಕ ಕುಂತ್ರ ನಿಮ್ಮನ್ನ ಸಮಾಧಾನ ಮಾಡಾವ್ರ ಯಾರು? ಹೊಳೆವ್ವಕ್ಕನ ಮನಿಗೆ ಹೋಗಿ ನಕ್ಕ ಬರ್ತೀನಿ, ಸೊಸಿ ಮುಂದ ನಗ್ತೀನಿ. ಮನ್ಯಾಗ ನಿಮ್ಮ ಜೋಡಿ ಒಂದ್ಸಲ ನಗಬೇಕಂತ ಮಾಡೀನಿ, ನೀವ ಜೊತಿಗೆ ಬರವಲ್ರಿ.” ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಆ ವಾರವೇ ಬಸುರಿ ದಾನೇಶ್ವರಿಯ ಕುಬಸ, ಅಂದರೆ ಸೀಮಂತ. ಅಲಖನೂರಿನಿಂದ ಅಕ್ಕುತಾಯಿ ಬುಟ್ಟಿಗಟ್ಟಲೆ ಉಂಡಿ, ಚಕ್ಕುಲಿ ತಂದು, ಮಗಳನ್ನು ಬಾಣಂತನಕ್ಕೆ ಕರೆದೊಯ್ಯಲು ತಯಾರಾಗಿ ಬಂದಿದ್ದಳು. ಪಡಸಾಲೆ ತುಂಬ ಹೆಂಗಸರು. ಆರತಿ ಆದ ಮೇಲೆ ಒಡಪು ಹೇಳಿ ಗಂಡನ ಹೆಸರು ಹೇಳುವ ಶಾಸ್ತ್ರ. ಗಿರಿಜವ್ವನ ಸರದಿ ಬಂತು. ಸೆರಗು ಜಾರಿ ನುಣ್ಣನೆಯ ತಲೆ ಹೊಳೆಯುತ್ತಿತ್ತು, ಅವಳು ಎಳೆದುಕೊಳ್ಳಲಿಲ್ಲ.

“ಗಡಿಗ್ಯಾಗ ಗಟ್ಟಿ ಮೊಸರು, ಗಡಿಗಿ ಮ್ಯಾಲ ತಾಟ,
ನನ್ನ ತಲಿ ನೋಡಿ ನಾಚಿ, ತಮ್ಮದೂ ಮಾಡ್ಯಾರ ಸಪಾಟ,
ದೇವರ ಹೆಸರ ಹೇಳಿ ಲಾಡು ಹಂಚಿದ ಜಾಣ,
ಧರೆಪ್ಪನವರೇ ನನ್ನ ಪ್ರಾಣ!”

ಪಡಸಾಲೆ ಹಾರಿಹೋಗುವಂತೆ ನಕ್ಕರು. ತಾಂಬೂಲದ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದ ಧರೆಪ್ಪ ಹಿಂದೆ ಸರಿಯುವಷ್ಟರಲ್ಲಿ ಹೊಳೆವ್ವ ಅವನ ರಟ್ಟೆ ಹಿಡಿದು ನಡುವೆ ಎಳೆದು ನಿಲ್ಲಿಸಿದಳು. “ಹೇಣ್ತಿ ಹೇಳ್ಯಾಳ, ಈಗ ನೀ ಹೇಳಪಾ. ಬಿಡಂಗಿಲ್ಲ!”

ಧರೆಪ್ಪ ಜನ್ಮದಲ್ಲಿ ಒಡಪು ಹೇಳಿದವನಲ್ಲ. ಹೆಂಗಸರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಗಿರಿಜವ್ವನೂ ನೋಡುತ್ತಿದ್ದಳು.

“ಹೊಲದಾಗ ಕಬ್ಬು, ಕಬ್ಬಿನಾಗ ರಸ…” ಎಂದು ಶುರು ಮಾಡಿದ. “ತಲಿ ಬೋಳಿಸಿದ್ರೂ… ಹೋಗಲಿಲ್ಲ ಒಳಗಿನ ಕಸ…” ಮುಂದಿನ ಸಾಲು ಸಿಗಲಿಲ್ಲ. ಹಣೆ ಒರೆಸಿಕೊಂಡ. “ಗಿರಿಜಾ… ನನಗ ಬಾಳ ನಾಚಿಕಿ ಆಗೈತಿ. ನಿನ್ನ ಬ್ಯಾನಿಗಲ್ಲ. ನನಗ ನಾನ… ಕ್ಯಾನ್ಸರ್ ಅಂತ ಅನ್ನಾಕ ಅಂಜಿದ್ನೆಲ್ಲ, ಅದಕ್ಕ.”

ಗಿರಿಜವ್ವ ತಲೆ ತಗ್ಗಿಸಿದ್ದಳು.

“ಪ್ರಾಸ ಕೂಡಲಿಲ್ಲ!” ಎಂದಳು ಹೊಳೆವ್ವ. “ಕೂಡಲಿಲ್ಲಂದ್ರ ದಂಡ ಕೊಡಬೇಕು. ತಿರುಪತಿ ಲಾಡು ಇನ್ನೊಂದ್ಸಲ ಆಗ್ಲಿ. ಅದ ನಿಪ್ಪಾಣಿ ಬೇಕರೀದ ತರಬೇಕ ನೋಡ ಮತ್ತ, ದೇವ್ರ ಮನಿಗಿಂತ ಅಲ್ಲೀವ ರುಚಿ ಇದ್ವು!”

ಎಲ್ಲರಿಗಿಂತ ಮೊದಲು ನಕ್ಕವಳು ಗಿರಿಜವ್ವ, ಕಣ್ಣಲ್ಲಿ ನೀರು ಸುರಿಸುತ್ತಾ. ಆಮೇಲೆ ಧರೆಪ್ಪನೂ ನಕ್ಕ.

ನಗುವಿನ ರುಚಿ ಹತ್ತಿದವನನ್ನು ಹಿಡಿಯುವುದು ಕಷ್ಟ. ಮರುದಿನ ಬೆಳಿಗ್ಗೆ ಮೀರಜಿಗೆ ಹೋಗುವ ಪಾಳಿ ಇತ್ತು. ಮಲ್ಲೇಶನನ್ನು ಮನೆಯಲ್ಲೇ ಬಿಟ್ಟು, “ಇವತ್ತ ಒಳಗ ನಾ ಕುಂದರ್ತೀನಿ” ಎಂದು ಧರೆಪ್ಪ ಇಸ್ತ್ರಿ ಅಂಗಿ ಹಾಕಿ ಹೆಂಡತಿಯೊಡನೆ ಹೊರಬಿದ್ದ. ಬೀದಿಯಲ್ಲಿ ಶ್ರೇಣಿಕ, “ಎಲ್ಲಿಗೆ ಹೊಂಟ್ರಿ ದಾದಾ?” ಎಂದ. ಧರೆಪ್ಪ ತನ್ನ ಬದುಕಿನ ಮೊಟ್ಟಮೊದಲ ಹಾಸ್ಯವನ್ನು, ಇಡೀ ಓಣಿಗೆ ಕೇಳುವಂತೆ, ಎದೆಯುಬ್ಬಿಸಿ ಒದರಿದ:

“ಬೀಗ್ತಿನ ಓಡಸಾಕಪಾ! ಸೀರಿ ಉಡಿಸೇವಿ, ಉಣಿಸೇವಿ, ಏನ್ ಮಾಡಿದ್ರೂ ಮನಿ ಬಿಟ್ಟ ಹೋಗವಲ್ಲಳು. ಇವತ್ತ ಸುಟ್ಟ ಬರ್ತೀವಿ!”

ಶ್ರೇಣಿಕ ನಗಲಿಲ್ಲ. ಅವನ ಕಣ್ಣು ಧರೆಪ್ಪನ ಬೆನ್ನ ಹಿಂದೆ ನೆಟ್ಟಿತ್ತು. ಧರೆಪ್ಪ ತಿರುಗಿ ನೋಡಿದ. ಕಟ್ಟೆಯ ಮೇಲೆ, ನಿನ್ನೆ ಇವರೇ ಉಡಿಸಿದ ಹಸಿರು ಸೀರೆಯುಟ್ಟು, ಕೈಯಲ್ಲಿ ಚಹಾದ ಕಪ್ಪು ಹಿಡಿದು, ಅಲಖನೂರಿನ ಅಕ್ಕುತಾಯಿ ನಿಂತಿದ್ದಳು.

“ದಾನಾ,” ಎಂದಳು ಆಕೆ ಒಳಗೆ ಮುಖ ಮಾಡಿ, “ಚೀಲಾ ತಗೀ.”

ದಾನೇಶ್ವರಿ ತಾಯಿಯ ಕೈ ಹಿಡಿದು ಕೂರಿಸಿ, ಬೀಗ್ತಿಯ ಪುರಾಣವನ್ನೆಲ್ಲ ಬಿಡಿಸಿ ಹೇಳುವ ಹೊತ್ತಿಗೆ ಬಸ್ಸು ಬಂದುಬಿಟ್ಟಿತ್ತು. ಅಕ್ಕುತಾಯಿ ಅದನ್ನು ನಂಬಿದಳೋ ಇಲ್ಲವೋ ಧರೆಪ್ಪನಿಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಗಿರಿಜವ್ವ ಕಿಟಕಿಯ ಸರಳು ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಮಾತು ಹೊರಡದೆ ನಗುತ್ತಲೇ ಇದ್ದಳು. ಬಸ್ಸಿನ ಮಂದಿಯೆಲ್ಲ ಈ ಬೋಳುತಲೆಯ ಗಂಡ ಹೆಂಡಿರನ್ನು ತಿರುತಿರುಗಿ ನೋಡಿದರು. ಧರೆಪ್ಪ ಹಳೆಯ ರೂಢಿಯಂತೆ ಹೆಗಲ ಟವೆಲ್ಲನ್ನು ಎಳೆದು ಮುಖಕ್ಕೆ ಸುತ್ತಿಕೊಳ್ಳಲು ಹೋದ.

ಗಿರಿಜವ್ವ ಅದನ್ನು ಕಸಿದುಕೊಂಡಳು.

“ಇತ್ತ ಕೊಡ್ರಿ. ನನ್ನ ತಲಿಗೆ ಗಾಳಿ ಬಡಿಯಾಕತ್ತೈತಿ” ಎಂದು ತನ್ನ ತಲೆಗೆ ಕಟ್ಟಿಕೊಂಡಳು. ಮೀರಜು ಬರುವ ತನಕ ಧರೆಪ್ಪನಿಗೆ ಮುಚ್ಚಿಕೊಳ್ಳಲು ಏನೂ ಉಳಿಯಲಿಲ್ಲ.