ಗಡಿಯಾರ ಮುಂದಿಟ್ಟ ಕಂಪ್ಯೂಟರ್

ಫೋಟೋ ಸ್ಟುಡಿಯೋಗೆ ಬಂದವರು ನಗಬಾರದು ಅಂತಲೇ ಬಿಗಿಯಾಗಿ ಕೂರುತ್ತಾರೆ. ನಗು ಬರುವಂಥದ್ದು ನಡೆಯುವುದು ಕ್ಯಾಮೆರಾ ಕೆಳಗಿಟ್ಟ ಮೇಲೆ. ಕಡೂರಿನಲ್ಲಿ ಅಂಗಡಿ ತೆರೆದಾಗಿನಿಂದ ಹೀಗೇ.

೧. ಬಿಸಿಲಿಗೆ ಹಿಡಿದದ್ದು

ಆಗ ರೀಲಿನ ಕಾಲ. ಮದುವೆ ಫೋಟೋಗೆ ಜನ ತಿಂಗಳುಗಟ್ಟಲೆ ಕಾಯುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಾಕಿಕೊಂಡು ನಿಂತರೆ ತಟ್ಟೆಯೊಳಗಿನ ಕಾಗದದ ಮೇಲೆ ಮುಖಗಳು ಮೆಲ್ಲಗೆ ಮೂಡುತ್ತಿದ್ದವು. ಮೊದಲು ಕಣ್ಣು, ಆಮೇಲೆ ಮೀಸೆ. ಆ ಸುಖ ಈಗಿಲ್ಲ.

ಅಜ್ಜಂಪುರದ ಗಂಡಿನ ತಂದೆಯೊಬ್ಬರಿಗೆ ಮಾತ್ರ ಕಾಯಲು ಆಗಲಿಲ್ಲ. ಹೇಗೆ ಬಂದಿದೆ ಅಂತ ನೋಡಲೇಬೇಕು ಎಂದರು. ನೆಗೆಟಿವ್ ಕೊಟ್ಟೆ. ಬಾಗಿಲಲ್ಲಿ ನಿಂತು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ನೆಗೆಟಿವ್‌ನಲ್ಲಿ ಬಿಳಿಯದು ಕಪ್ಪಾಗಿ ಕಾಣುತ್ತದೆ. ಅವರ ತಲೆ ಪೂರ್ತಿ ನೆರೆತಿತ್ತು.

"ಇದೇ ಇರ್ಲಿ ಕಣ್ರೀ," ಎಂದರು. "ಪ್ರಿಂಟ್ ಹಾಕಿ ಕೆಡಿಸ್ಬೇಡಿ."

೨. ಹತ್ತು ನಿಮಿಷ ಮುಂದೆ

ಈಗ ಎಲ್ಲರಿಗೂ ವಿಡಿಯೋ ಬೇಕು, ಬೇಗ ಬೇಕು. ನನ್ನದು ಅಗ್ಗದ ಕಂಪ್ಯೂಟರ್. ಮದುವೆ ವಿಡಿಯೋ ಜೋಡಿಸಿ ಬಟನ್ ಒತ್ತಿದರೆ ಅದು ಸಿದ್ಧವಾಗಲು ಒಂದು ಹಗಲು. ಆಮೇಲೆ ನೋಡಿದರೆ ಸೋದರಮಾವನ ಹೆಸರು ತಪ್ಪು. ಮತ್ತೊಂದು ಹಗಲು.

ಹಿರೇನಲ್ಲೂರಿನ ಗೌಡರಿಗೆ ಮಗಳ ಮದುವೆ ವಿಡಿಯೋವನ್ನು ಗೌರಿ ಹಬ್ಬಕ್ಕೆ ಕೊಡುತ್ತೇನೆ ಎಂದಿದ್ದೆ. ಮಗಳು ತವರಿಗೆ ಬರುತ್ತಾಳೆ, ಬೀಗರೂ ಬರುತ್ತಾರೆ, ಎಲ್ಲರೂ ಕೂತು ನೋಡಬೇಕು. ತಡವಾದರೆ ಮಗನ ಮದುವೆಯನ್ನು ಎದುರುಗಡೆಯ ಹೊಸ ಸ್ಟುಡಿಯೋಗೆ ಕೊಡುತ್ತೇನೆ ಎಂದು ಗೌಡರು ಮುಖದ ಮೇಲೇ ಹೇಳಿದ್ದರು. ಆ ಸ್ಟುಡಿಯೋದವರ ಹತ್ತಿರ ಡ್ರೋನ್ ಇದೆ. ನನ್ನ ಹತ್ತಿರ ಏಣಿ ಇದೆ.

ತರೀಕೆರೆಯಿಂದ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ಹೊಸದು ತಗೊಳ್ಳಿ ಎಂದ. ಆಗಲ್ಲ ಎಂದೆ. ಹಾಗಾದರೆ ಓವರ್‌ಕ್ಲಾಕ್ ಮಾಡೋಣ ಎಂದ. ಕಂಪನಿಯವರು ಗೊತ್ತುಮಾಡಿದ ವೇಗಕ್ಕಿಂತ ಜಾಸ್ತಿ ಓಡಿಸುವುದಂತೆ. ಖರ್ಚೇ ಇಲ್ಲವಂತೆ.

ಕಾಫಿ ತಂದ ನನ್ನ ಹೆಂಡತಿಗೆ ಕೇಳಿಸಿದ್ದು ಕ್ಲಾಕ್ ಒಂದೇ.

"ಮನೆ ಗಡಿಯಾರ ಹತ್ತು ನಿಮಿಷ ಮುಂದಿಟ್ಟು ಎಷ್ಟೋ ವರ್ಷ ಆಯ್ತು ಕಣಪ್ಪಾ," ಎಂದಳು ಅವನಿಗೆ. "ಇವರೇನು ಬೇಗ ಎದ್ರಾ?"

೩. ಗಾಳಿ

ಎರಡು ದಿನ ಚೆನ್ನಾಗಿಯೇ ಓಡಿತು. ಆಮೇಲೆ ಕಾಯತೊಡಗಿತು. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದೆ. ರಿಪೇರಿಯವನಿಗೆ ಫೋನ್ ಮಾಡಿದರೆ ದೊಡ್ಡ ಕೂಲರ್ ಹಾಕಿಸಬೇಕು ಎಂದ. ಕೂಲರ್ ಹಾಕಿದರೆ ಪವರ್ ಸಪ್ಲೈ ಬದಲಾಯಿಸಬೇಕು. ಎರಡರ ಬೆಲೆಗೆ ಇದಕ್ಕಿಂತ ವೇಗದ ಪ್ರೊಸೆಸರೇ ಬರುತ್ತಿತ್ತಂತೆ. ಇದನ್ನೂ ಅವನೇ ಹೇಳಿದ, ವೇಗ ಏರಿಸಿದ ಮೇಲೆ.

ಒಂದು ಮಧ್ಯಾಹ್ನ ಲಿಂಗದಹಳ್ಳಿ ಕಡೆಯ ರೈತರೊಬ್ಬರು ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದರು. ತಗಡಿನ ಸೂರು, ಬೆವರು ಇಳಿಯುತ್ತಿತ್ತು. ಫ್ಯಾನ್ ಸ್ವಲ್ಪ ಈ ಕಡೆ ತಿರುಗಿಸಿ ಎಂದರು. ಅದು ಕಂಪ್ಯೂಟರಿಗೆ ಎಂದೆ. ಅವರು ಕಂಪ್ಯೂಟರನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು.

"ದುಡ್ಡು ನಮ್ಮತ್ರ ಇಸ್ಕೊಂತೀರಾ," ಎಂದರು, "ಗಾಳಿ ಅದಕ್ಕೆ ಬೀಸ್ತೀರಾ."

೪. ರಾಹುಕಾಲ

ಗಡಿಯಾರದ ಮಾತು ಊರೆಲ್ಲ ಸುತ್ತಿ ಹಿರೇನಲ್ಲೂರು ಮುಟ್ಟಿತ್ತು. ಹಬ್ಬ ಹತ್ತಿರವಾದಾಗ ಗೌಡರೇ ಬಂದರು. ಕಂಕುಳಲ್ಲಿ ಪಂಚಾಂಗ.

ಮಗಳ ಮುಹೂರ್ತ ಮುಗಿದ ಸ್ವಲ್ಪ ಹೊತ್ತಿಗೇ ರಾಹುಕಾಲ ಶುರುವಾಗುತ್ತಿತ್ತು. ನಾನು ಕಂಪ್ಯೂಟರಿನಲ್ಲಿ ಗಡಿಯಾರ ಮುಂದಿಟ್ಟರೆ ತಾಳಿ ರಾಹುಕಾಲಕ್ಕೆ ಬೀಳುವುದಿಲ್ಲವೇ ಎಂದು ಕೇಳಿದರು. ಮದುವೆ ಆಗಿ ನಾಲ್ಕು ತಿಂಗಳಾಯಿತಲ್ಲ ಎಂದೆ.

"ಮದುವೆ ಆಗಿದೆ, ಯಾರಿಲ್ಲ ಅಂದ್ರು? ಬೀಗರು ಕೂತು ನೋಡೋದು ವಿಡಿಯೋ ತಾನೇ?"

ಮಾತಾಡಿ ಪ್ರಯೋಜನವಿಲ್ಲ ಅನ್ನಿಸಿತು. ನೀವೇ ನೋಡಿ ಎಂದು ಕೂರಿಸಿ, ಅಲ್ಲಿಯ ತನಕ ಜೋಡಿಸಿದ್ದನ್ನು ಹಾಕಿದೆ. ಗಟ್ಟಿಮೇಳ ಶುರುವಾಯಿತು. ಹುಡುಗ ತಾಳಿ ಎತ್ತಿದ. ಕೈ ಹುಡುಗಿಯ ಕೊರಳ ಹತ್ತಿರ ಬಂತು. ಕಾದಿದ್ದ ಯಂತ್ರ ಅಲ್ಲಿಗೆ ನಿಂತುಬಿಟ್ಟಿತು. ಮೌಸ್ ಆಡಿಸಿದೆ, ಕದಲಲಿಲ್ಲ. ತಾಳಿ ಗಾಳಿಯಲ್ಲೇ ಇತ್ತು.

ಗೌಡರು ಪಂಚಾಂಗ ಮುಚ್ಚಿದರು.

"ನೋಡಿದ್ರಾ, ಅದಕ್ಕೂ ಗೊತ್ತಾಗಿದೆ."

೫. ಎರಡು ದಿನದ ಮದುವೆ

ಅವರು ಹೋದ ಮೇಲೆ ರಿಪೇರಿಯವನನ್ನು ಕರೆಸಿ ವೇಗವನ್ನು ಮೊದಲಿದ್ದಷ್ಟಕ್ಕೇ ಇಳಿಸಲು ಹೇಳಿದೆ. ಓಡುವಾಗ ಬೇಗ ಓಡುತ್ತಿತ್ತು, ನಿಜ. ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ. ಒಟ್ಟಿನಲ್ಲಿ ನಿಧಾನದ್ದೇ ಬೇಗ ಮುಗಿಸುತ್ತಿತ್ತು. ಈ ಲೆಕ್ಕ ಹೇಳಿದರೆ ಅವನು ಒಪ್ಪಲಿಲ್ಲ. ಬಂದ ಖರ್ಚು ಇಸ್ಕೊಂಡು ಹೋದ.

ಹಬ್ಬದ ಬೆಳಿಗ್ಗೆ ವಿಡಿಯೋ ಸಿದ್ಧವಾಯಿತು. ನಾನೇ ಬಸ್ಸಿನಲ್ಲಿ ತಗೊಂಡು ಹೋದೆ. ಪಡಸಾಲೆ ತುಂಬ ಜನ. ಟಿವಿಗೆ ಹಾಕಿದ ಕೂಡಲೇ ಎಲ್ಲರೂ ಹತ್ತಿರ ಸರಿದು ಕೂತರು. ಹಿಂದೆ ಆಲ್ಬಮ್ ಕೊಡಲು ಹೋದಾಗ ಹೀಗೇ ಇರುತ್ತಿತ್ತು. ಒಬ್ಬರ ತೊಡೆಯಿಂದ ಒಬ್ಬರ ತೊಡೆಗೆ ಹೋಗುತ್ತಿತ್ತು, ಯಾರೂ ಬೇಗ ಹಾಳೆ ತಿರುಗಿಸುತ್ತಿರಲಿಲ್ಲ. ಧಾರೆ ಬಂದಾಗ ಗೌಡರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ತಾಳಿ ಎಲ್ಲೂ ನಿಲ್ಲಲಿಲ್ಲ. ಬೀಗರು ತಲೆಯಾಡಿಸಿದರು.

ಮುಗಿಯಿತು. ಗೌಡರು ಮಾತ್ರ ತಲೆಯಾಡಿಸಲಿಲ್ಲ. ಮಗನ ಮದುವೆ ಕೈತಪ್ಪಿತು ಅಂದುಕೊಂಡು ಚಪ್ಪಲಿ ಮೆಟ್ಟಿದೆ. ಅವರು ಬಾಗಿಲ ತನಕ ಬಂದರು.

"ಮಗಂದೂ ನೀವೇ ಮಾಡಿ ಯಜಮಾನ್ರೇ. ಆದ್ರೆ ಆ ಸ್ಪೀಡು ಮಾತ್ರ ಇಡಬೇಡಿ. ಎರಡು ದಿನ ಮಾಡಿದ ಮದುವೇನ ಎರಡು ಗಂಟೇಲಿ ಓಡಿಸ್ಬಿಟ್ರಲ್ಲ."

ಆಗಲಿ ಎಂದೆ. ಅವರು ನನ್ನ ಕಿವಿಯ ಹತ್ತಿರ ಬಂದರು.

"ಪಂಕ್ತೀಲಿ ಬೀಗರು ಇನ್ನೂ ಹೋಳಿಗೆ ಮುರಿದಿರ್ಲಿಲ್ಲ ಕಣ್ರೀ, ಕೈ ತೊಳೆಯೋಕೆ ಎಬ್ಬಿಸ್ಬಿಟ್ರಿ."