ಆಕ್ಷೇಪಣೆ ಇದ್ದರೆ ತಿಳಿಸಿ

ಕೆಲವರಿಗೆ ನಗೆಯ ಪ್ರಸಂಗಗಳು ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಒದಗುತ್ತವೆ. ನನಗೆ ಮಾತ್ರ ಅವು ಗಂಭೀರವಾಗಿರಲೇಬೇಕಾದ ಕೆಲಸದ ನಡುವೆಯೇ ಒದಗುತ್ತ ಬಂದಿವೆ. ಪಾಠದ ಟಿಪ್ಪಣಿ ಬಿಟ್ಟು ನಾನು ಬೇರೇನೂ ಬರೆದವನಲ್ಲ. ಹಾಗಾಗಿ ತುಸು ಹೆಚ್ಚೇ ವಿವರಿಸುತ್ತೇನೆ, ಸಹಿಸಿಕೊಳ್ಳಬೇಕು.

ತೊಂಬತ್ತರ ದಶಕದ ಕೊನೆ. ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಮೇಷ್ಟ್ರು. ಇಂಟರ್‌ನೆಟ್ಟಿನಲ್ಲಿ ಒಂದು ಯಂತ್ರ ಇನ್ನೊಂದರ ಜೊತೆ ಹೇಗೆ ಮಾತಾಡಬೇಕು ಎಂಬುದಕ್ಕೆ ನಿಯಮಗಳಿವೆ. ಅವನ್ನು ಪರಿಶೀಲಿಸಿ ಒಪ್ಪುವ ಒಂದು ಜಾಗತಿಕ ಮಂಡಳಿಯೂ ಇದೆ. ಯಾರು ಬೇಕಾದರೂ ಕರಡು ಬರೆದು ಕಳಿಸಬಹುದು, ಚರ್ಚೆ ಬಹುಪಾಲು ಇ-ಮೇಲಿನಲ್ಲೇ. ನಮ್ಮೂರಲ್ಲಿ ದೊಡ್ಡ ಇ-ಮೇಲ್ ಇಳಿಯುತ್ತಿರುವಾಗ ಕರೆಂಟ್ ಹೋಗುತ್ತಿತ್ತು, ಮತ್ತೆ ಮೊದಲಿನಿಂದ ಇಳಿಸಬೇಕಿತ್ತು. ನಿಂತಲ್ಲಿಂದಲೇ ಮುಂದುವರಿಸುವ ಒಂದು ವಿಧಾನವನ್ನು ಯೋಚಿಸಿ ನಾನು ಕರಡು ಬರೆದೆ.

ಕಾಲೇಜಿನ ಎರಡನೇ ಫೋನನ್ನು ಪ್ರಿನ್ಸಿಪಾಲರು ಈ ಕೆಲಸಕ್ಕಾಗಿ ನನ್ನ ಲ್ಯಾಬಿಗೆ ಕೊಟ್ಟಿದ್ದರು. ಷರತ್ತು ಒಂದೇ. "ಬೇಸಿಗೆ ರಜೆ ಒಳಗೆ ಒಪ್ಪಿಗೆ ತಗೊಂಡು ಬರ್ರಿ. ಇಲ್ಲಾಂದ್ರೆ ಫೋನ್ ವಾಪಸ್ ಆಫೀಸಿಗೆ." ಆಗ ಇ-ಮೇಲ್ ಬರುತ್ತಿದ್ದದ್ದು ಫೋನಿನ ತಂತಿಯಲ್ಲೇ. ಫೋನ್ ಹೋದರೆ ಇ-ಮೇಲ್ ಇಲ್ಲ, ಇ-ಮೇಲ್ ಇಲ್ಲದಿದ್ದರೆ ನನ್ನ ಕರಡೂ ಇಲ್ಲ.

ನಮ್ಮೋರು

ಮಂಡಿಪೇಟೆಯ ವ್ಯಾಪಾರಿಯೊಬ್ಬರು ನಮ್ಮ ಆಡಳಿತ ಮಂಡಳಿಯ ಸದಸ್ಯರು. ಒಳ್ಳೆಯ ಮನುಷ್ಯ. ವಿಷಯ ಕೇಳಿ ಲ್ಯಾಬಿಗೇ ಬಂದರು.

"ಅಲ್ಲಿ ನಮ್ಮೋರು ಯಾರಾದ್ರೂ ಅದಾರಾ?"

"ಯಾರೂ ಇಲ್ರಿ."

"ಮತ್ತೆ ಓಟು ಹೆಂಗೆ ಬೀಳ್ತಾವೆ?"

ಓಟಿನ ಪದ್ಧತಿಯೇ ಅಲ್ಲಿಲ್ಲ ಎಂದು ವಿವರಿಸಿದೆ. ಸಭೆ ಸೇರಿದಾಗ ಒಪ್ಪಿದವರು ಬಾಯಿ ಮುಚ್ಚಿಕೊಂಡೇ 'ಹೂಂ' ಎಂದು ಗುನುಗುತ್ತಾರೆ, ಆಮೇಲೆ ಒಪ್ಪದವರು ಗುನುಗುತ್ತಾರೆ, ಸದ್ದಿನ ಜೋರು ನೋಡಿ ಅಧ್ಯಕ್ಷರು ಅಂದಾಜು ಮಾಡುತ್ತಾರೆ. ಇದು ತಮಾಷೆಯಲ್ಲ, ನಿಜವಾದ ಪದ್ಧತಿ.

ಅವರು ದನಿ ತಗ್ಗಿಸಿದರು. "ನಮ್ಮ ಮಂಡಳೀನೂ ಹಂಗೇ ನಡೀತೈತಿ ಮೇಷ್ಟ್ರೇ. ಆದ್ರೆ ನಮ್ಮಲ್ಲಿ ಸದ್ದೂ ಬರಂಗಿಲ್ಲ."

ಅವಧಿ

ಪ್ರಿನ್ಸಿಪಾಲರು ಕರಡಿನ ಮೊದಲ ಪುಟ ನೋಡಿ ಕನ್ನಡಕ ಮೇಲೇರಿಸಿದರು. ಈ ಬರಹದ ಅವಧಿ ಆರು ತಿಂಗಳಿಗೆ ಮುಗಿಯುತ್ತದೆ ಎಂದು ಅಲ್ಲಿ ಅಚ್ಚಾಗಿತ್ತು.

"ಏನ್ರಿ ಇದು, ಔಷಧಿ ಬಾಟ್ಲಿನಾ?"

"ಪ್ರತಿ ಕರಡಿಗೂ ಇದೇ ನಿಯಮ ಸರ್. ಅಷ್ಟರೊಳಗೆ ತಿದ್ದಿ ಹೊಸದಾಗಿ ಕಳಿಸ್ಲಿಲ್ಲ ಅಂದ್ರೆ ತಾನೇ ರದ್ದಾಗ್ತದೆ. ಹಳೇದು ಸುಮ್ನೆ ಕೊಳೀಬಾರ್ದು ಅಂತ."

ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಈ ನಿಯಮ ಯೂನಿವರ್ಸಿಟಿ ಕಿವಿಗೆ ಬೀಳೋದು ಬ್ಯಾಡ. ನಮ್ಮ ಸಿಲಬಸ್ ಒಂದೂ ಉಳಿಯಂಗಿಲ್ಲ."

ರಾಜಿ

ಕರಡು ಸ್ಪಷ್ಟವಾಗಿದೆಯೇ ಎಂದು ಪರೀಕ್ಷಿಸುವ ಕ್ರಮ ಹೀಗಿದೆ. ಬರೆದವನು ಒಂದು ಪ್ರೋಗ್ರಾಂ ಮಾಡಬೇಕು. ಬೇರೊಬ್ಬ, ಬರೆದವನನ್ನು ಏನೂ ಕೇಳದೆ, ಬರಹವನ್ನಷ್ಟೇ ಓದಿ ಇನ್ನೊಂದು ಪ್ರೋಗ್ರಾಂ ಮಾಡಬೇಕು. ಆ ಎರಡೂ ಒಂದಕ್ಕೊಂದು ಹೊಂದಿಕೊಂಡರೆ ಬರಹ ಸರಿಯಿದೆ ಎಂದರ್ಥ.

ಆ ಬೇರೊಬ್ಬ ನನ್ನ ಹೆಂಡತಿಯ ತಮ್ಮ. ಹರಿಹರದ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ನಮ್ಮಿಬ್ಬರಿಗೂ ಕಂಪ್ಯೂಟರ್ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಈಗ ಅದನ್ನೂ ಆಡುವಂತಿರಲಿಲ್ಲ. ಹಾಗಾಗಿ ಸುಮ್ಮನೆ ಉಂಡು, ಸುಮ್ಮನೆ ಕೈತೊಳೆದು, ಅವನು ಹೊರಟುಬಿಡುತ್ತಿದ್ದ.

ಹೆಂಡತಿ ಗಾಬರಿಯಾಗಿ ತವರಿಗೆ ಹೇಳಿ ಕಳಿಸಿದಳು. ಮುಂದಿನ ಭಾನುವಾರ ಕೊಕ್ಕನೂರಿನಿಂದ ಮಾವ ಬಂದಿಳಿದರು, ಜೊತೆಗೆ ಊರಲ್ಲಿ ನ್ಯಾಯ ಹೇಳುವ ಹಿರಿಯರೊಬ್ಬರು. ಹೆಂಡತಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

"ಅಳಿಯಂದ್ರೇ, ಹುಡುಗ ಏನಾದ್ರೂ ತಪ್ಪು ಮಾತಾಡಿದ್ನಾ?" ಎಂದರು ಮಾವ.

"ಇಲ್ಲ ಮಾವ. ಮಾತಾಡಬಾರದು ಅಂತ ನಿಯಮ ಐತೆ."

"ಯಾರು ಮಾಡಿದ್ದು ಆ ನಿಯಮ?"

"ಅಮೆರಿಕದಾಗೆ, ಯುರೋಪಿನಾಗೆ ಅದಾರೆ."

ಹಿರಿಯರು ಗಂಭೀರವಾಗಿ ತಲೆಯಾಡಿಸಿದರು. "ಮನೆ ಮುರಿಯೋರು ಎಲ್ಲಾ ಕಡೆ ಇರ್ತಾರೆ."

ಕೊನೆಗೆ ದೇವರ ಮುಂದೆ ಕಾಯಿ ಒಡೆಸಿ, ಭಾನುವಾರ ತಪ್ಪದೆ ಮಾತಾಡುತ್ತೇವೆ ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡರು. ಕೊಟ್ಟ ಮಾತೂ ಉಳಿಯಬೇಕು, ಮಂಡಳಿಯ ನಿಯಮವೂ ಉಳಿಯಬೇಕು. ಅಲ್ಲೇ ಕೂತು ಅವನು ಕೇಳಿದ, "ಭಾವ, ಈ ಸಲ ಮೆಕ್ಕೆಜೋಳ ಹೆಂಗೆ?" ನಾನೆಂದೆ, "ಅಡ್ಡಿಯಿಲ್ಲ, ಈರುಳ್ಳಿ ಹೆಂಗೆ?" ಇಬ್ಬರಿಗೂ ಅದರ ಗಂಧಗಾಳಿ ಗೊತ್ತಿರಲಿಲ್ಲ. ಬೇಸಾಯ ಮಾಡುವ ಮಾವ ಮಾತ್ರ ನಾವು ಹೇಳಿದ ಅಷ್ಟೂ ತಪ್ಪುಗಳನ್ನು ನಗುನಗುತ್ತ ಕೇಳಿ, ತೃಪ್ತಿಯಿಂದ ಊರಿಗೆ ಹೋದರು.

ಕೊನೆಯ ಕರೆ

ಎರಡು ಪ್ರೋಗ್ರಾಂಗಳೂ ಹೊಂದಿಕೊಂಡವು. ಉಳಿದದ್ದು 'ಕೊನೆಯ ಕರೆ' ಎಂಬ ಕೊನೆಯ ಹಂತ. ಆಕ್ಷೇಪಣೆ ಇದ್ದರೆ ತಿಳಿಸಿ ಎಂದು ಇಡೀ ಲೋಕಕ್ಕೆ ಇ-ಮೇಲ್ ಹೋಗುತ್ತದೆ. ಯಾರೂ ಸಕಾರಣವಾದ ತಕರಾರು ಎತ್ತದಿದ್ದರೆ ಕರಡು ಮುಂದೆ ಸಾಗುತ್ತದೆ. ರಜೆ ಹತ್ತಿರವಿತ್ತು. ನನಗೆ ಊಟ ಸೇರುತ್ತಿರಲಿಲ್ಲ.

ಪ್ರಿನ್ಸಿಪಾಲರಿಗೆ ನನ್ನ ಮುಖ ನೋಡಿ ಕನಿಕರವಾಯಿತು. ಕಾಲೇಜಿನವರೆಲ್ಲ ಬೆಂಬಲಿಸಿ ಬರೆಯಬೇಕೆಂದು ಹೇಳಿದರು. ಗ್ರಂಥಪಾಲಕರಿಂದ ಹಿಡಿದು ಡ್ರಿಲ್ ಮಾಸ್ತರರವರೆಗೆ ಎಲ್ಲರೂ ಲ್ಯಾಬಿಗೆ ಬಂದು 'ಇದು ಅತ್ಯುತ್ತಮ ಬರಹ' ಎಂದು ಕಳಿಸಿದರು. ಪ್ರಿನ್ಸಿಪಾಲರೂ ಕಳಿಸಿದರು. ಆದರೆ ಓದದೆ ಸಹಿ ಹಾಕುವ ಅಭ್ಯಾಸ ಅವರಿಗಿರಲಿಲ್ಲ. ಓದಿ, ಹೊಗಳಿ, ಕೊನೆಗೊಂದು ಸಾಲು ಸೇರಿಸಿದ್ದರು.

ಮಂಡಳಿಯ ಕಡೆಯಿಂದ ನಮ್ಮ ಚರ್ಚೆ ನಡೆಸುತ್ತಿದ್ದ ಅಧ್ಯಕ್ಷರು ಉತ್ತರಿಸಿದರು: ಇಲ್ಲಿ ತಲೆ ಎಣಿಸುವುದಿಲ್ಲ, ಹೊಗಳಿಕೆ ಲೆಕ್ಕಕ್ಕಿಲ್ಲ. ಆದರೆ ಒಬ್ಬರು ಮಾತ್ರ ಸರಿಯಾದ ಪ್ರಶ್ನೆ ಎತ್ತಿದ್ದಾರೆ. ಎರಡೂ ಕಡೆ ಒಟ್ಟಿಗೆ ಕರೆಂಟ್ ಹೋದರೆ, ವಾಪಸ್ ಬಂದಾಗ ಯಾರು ಮೊದಲು ಮಾತಾಡಬೇಕು? ಈ ಬರಹದ ಪ್ರಕಾರ ಇಬ್ಬರೂ ಕಾಯುತ್ತಲೇ ಇರುತ್ತಾರೆ. ಇದು ಬಗೆಹರಿಯುವವರೆಗೆ ಕರಡನ್ನು ತಡೆಹಿಡಿದಿದೆ.

ಅದನ್ನು ಹಿಡಿದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದೆ. "ಸರ್, ಕರಡು ನಿಂತೋಯ್ತು."

"ಯಾವನ್ರಿ ನಿಲ್ಲಿಸಿದೋನು?"

"ತಾವೇ ಸರ್."

ಅವರು ಓದಿದರು. "ನನ್ನ ಪ್ರಶ್ನೆ ಸರಿ ಐತೋ ಇಲ್ವೋ?"

"ಸರಿ ಐತೆ ಸರ್."

"ಹಂಗಾದ್ರೆ ಫೋನ್ ಅಲ್ಲೇ ಇರ್ಲಿ. ನನ್ನ ಪ್ರಶ್ನೆಗೆ ಉತ್ತರ ಬರಬ್ಯಾಡ್ವಾ?"

ನಾನು ಉತ್ತರ ಬರೆದೆ. ಮರುದಿನ ಅವರೇ ಲ್ಯಾಬಿಗೆ ಬಂದು, ಕುರ್ಚಿ ಎಳೆದುಕೊಂಡು ಇನ್ನೊಂದು ಸಂಶಯ ಕಳಿಸಿದರು. ಅದಕ್ಕುತ್ತರಿಸಿದರೆ ಮತ್ತೊಂದು. ನಾವಿಬ್ಬರೂ ಒಂದೇ ಕಂಪ್ಯೂಟರಿನ ಮುಂದೆ, ಒಂದೇ ಫೋನಿನಲ್ಲಿ, ಸರದಿಯ ಪ್ರಕಾರ ಲೋಕದ ಎದುರು ವಾದ ಮಾಡಿದೆವು. ಬೇಸಿಗೆ ರಜೆ ಹೀಗೇ ಕಳೆಯಿತು. ಫೋನಿನ ಮಾತು ಯಾರೂ ಎತ್ತಲಿಲ್ಲ.

ಕೊನೆಗೂ ಕರಡು ಒಪ್ಪಿಗೆಯಾಯಿತು. ಅಧ್ಯಕ್ಷರು ಅಭಿನಂದನೆ ತಿಳಿಸಿ, ನನಗೊಬ್ಬನಿಗೇ ಗುಟ್ಟಾಗಿ ಕೇಳಿದ್ದರು: "ಇಷ್ಟು ಪಟ್ಟು ಬಿಡದ ಎದುರಾಳಿಯನ್ನು ನಾನು ಕಂಡಿಲ್ಲ. ಅವರು ನಿಮ್ಮ ಪ್ರತಿಸ್ಪರ್ಧಿ ಕಂಪನಿಯವರೇ?"

ನಾನು ವಿನಯದಿಂದ ಉತ್ತರಿಸಿದೆ: "ಇಲ್ಲ ಸರ್. ನನಗೆ ರಜೆ ಮಂಜೂರು ಮಾಡುವವರು."